ಟಿಫಿನ್ ಡಬ್ಬಿಯಲ್ಲಿ ಹೋದ ಹಾರ್ಡ್ ಡಿಸ್ಕ್

ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯಲ್ಲಿ ಆ ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಎರಡು ವಿಷಯ ವಿಚಾರಿಸಿದ್ದೆ. ಇದರ ಹಿಂದಿನ ಯಜಮಾನ ಯಾರು? ಇದರ ಜೊತೆಗೆ ಬಂದ ವಿಂಡೋಸ್ ಸಿ.ಡಿ. ಎಲ್ಲಿ? ಮೊದಲನೆಯದಕ್ಕೆ ಅಂಗಡಿಯವನು ನಕ್ಕ. ಎರಡನೆಯದಕ್ಕೆ, "ಈಗ ಯಾರು ಸಾರ್ ಸಿ.ಡಿ. ಕೊಡ್ತಾರೆ? ಹಾಕೋಕೆ ಜಾಗನೇ ಇಲ್ಲ ನೋಡಿ" ಎಂದು ಅಂಚು ತಿರುಗಿಸಿ ತೋರಿಸಿದ. ಜಾಗ ಇರಲಿಲ್ಲ, ನಿಜ. ಆದರೂ ಆ ನಗು ನನಗೆ ಹಿಡಿಸಲಿಲ್ಲ.

ಕೊಂಡದ್ದು ನನ್ನ ಹೆಂಡತಿಗಾಗಿ. ಅವಳು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹೊಳಲೂರಿನಲ್ಲಿರುವ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕಣ್ಣು ಕಾಣದು. ಆಕೆ ಶಿಕ್ಷಕರ ಪರೀಕ್ಷೆಗೆ ಕಟ್ಟಿದ್ದಳು. ನನ್ನ ಹೆಂಡತಿ ಪುಸ್ತಕ ಓದಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಬಸ್ಸಿನಲ್ಲಿ ಕಳಿಸುವಳು. ಅಲ್ಲಿನ ಜೆರಾಕ್ಸ್ ಅಂಗಡಿಯವರು ಅದನ್ನು ಆಕೆಯ ಫೋನಿಗೆ ಇಳಿಸಿ ಪೆನ್‌ಡ್ರೈವ್ ವಾಪಸ್ ಕಳಿಸುವರು. ಫೋನಿನಲ್ಲಿ ಜಾಗ ಕಡಿಮೆ; ಹೊಸ ಪಾಠ ಬಂದಾಗ ಆಕೆ ಹಳೆಯದನ್ನು ಅಳಿಸಬೇಕಿತ್ತು. ಹಾಗಾಗಿ ಪಾಠಗಳೆಲ್ಲ ಒಟ್ಟಿಗೆ ಉಳಿದಿದ್ದದ್ದು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಪರೀಕ್ಷೆಗೆ ಮುಂಚೆ ಎಲ್ಲವನ್ನೂ ಇನ್ನೊಮ್ಮೆ ಕೇಳಬೇಕೆಂದು ಆಕೆ ಹೇಳಿದ್ದಳು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಮೇಜಿನಿಂದ ಕೂಗಿದಳು. "ರೀ, ಪಾಠ ಎಲ್ಲಾ ಎಲ್ಲಿ ಹೋದ್ವು?"

ಫೋಲ್ಡರುಗಳಿದ್ದ ಜಾಗದಲ್ಲಿ ಮೂಲೆಯಲ್ಲಿ ಬಾಣದ ಗುರುತಿದ್ದ ಚಿತ್ರಗಳು ಕೂತಿದ್ದವು. ಒತ್ತಿದರೆ ಪಾಠ ತೆರೆಯದು; ಯಾವುದೋ ಜಾಹೀರಾತು ಬರುತ್ತಿತ್ತು.

"ಮುಟ್ಟಬೇಡ ಮಾರಾಯ್ತಿ, ಮೊದಲು ಆಫ್ ಮಾಡು. ಆ ಅಂಗಡಿಯವನೇ ವೈರಸ್ ಸೇರಿಸಿ ಮಾರಿದಾನೆ."

"ಅವನಿಗೇನು ಲಾಭ?"

"ರಿಪೇರಿಗೂ ಅವನ ಹತ್ರನೇ ಹೋಗ್ಬೇಕಲ್ಲ."

"ನಿಮಗೆ ಹಾಲಿನವನ ಮೇಲೂ ಅನುಮಾನ."

"ಹಾಲಿನವನ ಮೇಲೆ ಅನುಮಾನ ಇಲ್ಲ, ಖಾತ್ರಿ."

ನಾನು ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದಲ್ಲಿದ್ದವನು. ಈಗಲೂ ಮನೆ ಕಾಗದನಗರದ ಪಕ್ಕದಲ್ಲೇ. ಕಾರ್ಖಾನೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠ ಒಂದೇ: ಯಂತ್ರಕ್ಕೆ ಕೈ ಹಾಕುವ ಮುಂಚೆ ಅದರ ಫ್ಯೂಸ್ ತೆಗೆದು ನಿನ್ನ ಜೇಬಿನಲ್ಲೇ ಇಟ್ಟುಕೋ. ಮೇಜಿನ ಮೇಲೆ ಇಡಬಾರದು, ಗೆಳೆಯನ ಕೈಗೂ ಕೊಡಬಾರದು. ಯಾರೋ ತಿಳಿಯದೆ ಸ್ವಿಚ್ ಹಾಕಿದರೆ ಹೋಗುವುದು ನಮ್ಮ ಜೀವ. ಕೆಲಸ ಬಿಟ್ಟು ವರ್ಷಗಳಾದರೂ ಆ ಶಿಸ್ತು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಅಂಗಡಿಗೆ ಹೊರಡುವ ಮುಂಚೆ ಲ್ಯಾಪ್‌ಟಾಪಿನ ತಳದ ಸ್ಕ್ರೂ ಬಿಚ್ಚಿ, ಒಳಗಿನ ಹಾರ್ಡ್ ಡಿಸ್ಕ್ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿಟ್ಟೆ. ಮತ್ತೆ ಸ್ಕ್ರೂ ಬಿಗಿದು, ಶಿವಮೊಗ್ಗದ ಬಸ್ಸು ಹಿಡಿದು, ಅದೇ ಅಂಗಡಿಯವನಿಗೆ ವೈರಸ್ ಎಂದು ಹೇಳಿ ಲ್ಯಾಪ್‌ಟಾಪ್ ಕೊಟ್ಟು ಬಂದೆ. ಡಿಸ್ಕಿನ ವಿಷಯ ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಾರನೆಯ ದಿನ ಅವನ ಫೋನು ಬಂತು.

"ಸಾರ್, ಇದರೊಳಗೆ ಡಿಸ್ಕೇ ಇಲ್ವಲ್ಲ."

"ಗೊತ್ತು. ನನ್ನ ಹತ್ರ ಇದೆ."

"ಮತ್ತೆ ನಾನೇನು ರಿಪೇರಿ ಮಾಡ್ಲಿ? ಕೀಬೋರ್ಡ್ ಒರೆಸಿ ಕೊಡ್ಲಾ?"

ಪಕ್ಕದಲ್ಲಿ ಕೇಳಿಸಿಕೊಂಡ ಹೆಂಡತಿ, "ಹಲ್ಲು ನೋವು ಅಂತ ಹೋಗಿ, ಹಲ್ಲಿನ ಸೆಟ್ ಮನೇಲೇ ಬಿಟ್ಟು ಬಂದ್ರಾ?" ಎಂದು ನಕ್ಕಳು. ನಾನು ಡಬ್ಬಿ ಹಿಡಿದು ಮತ್ತೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಸ್ಟೂಲು ಎಳೆದು ಅವನ ಎದುರಿಗೇ ಕೂತು, ಸಿ.ಡಿ. ಇಲ್ಲದೆ ಹೇಗೆ ಸರಿ ಮಾಡುತ್ತೀಯ ಎಂದು ಕೇಳಿದೆ. ಲ್ಯಾಪ್‌ಟಾಪ್ ತಯಾರಿಸಿದವರು ಡಿಸ್ಕಿನ ಒಂದು ಮೂಲೆಯಲ್ಲಿ ವಿಂಡೋಸಿನ ಒಂದು ಪ್ರತಿ ಮುಚ್ಚಿಟ್ಟಿರುತ್ತಾರಂತೆ. ಶುರುವಾಗುವಾಗ ಒಂದು ಕೀ ಒತ್ತಿದರೆ ಹೊಸದರಂತೆ ಆಗುತ್ತದಂತೆ.

"ನಮ್ಮ ಪಾಠಗಳು?"

"ಎಲ್ಲಾ ಹೋಗುತ್ತೆ ಸಾರ್. ಫುಲ್ ಕ್ಲೀನ್." ಮುಂದಿನ ಬಸ್ಸಿನ ಹೊತ್ತು ಹೇಳಿದಂತೆ ಹೇಳಿದ. "ನೀವು ಡಿಸ್ಕ್ ಬಿಟ್ಟು ಹೋಗಿದ್ರೆ ನಿನ್ನೆ ಸಂಜೆಗೇ ಮುಗಿಸಿಬಿಡ್ತಿದ್ದೆ."

"ನನ್ನನ್ನ ಕೇಳದೇನೇ?"

"ಬೇಕಾಗಿದ್ದು ಇದ್ರೆ ಗಿರಾಕಿನೇ ಹೇಳ್ತಾರಲ್ವಾ? ವೈರಸ್ ಅಂದ್ರಿ, ಬೇರೆ ಏನೂ ಹೇಳ್ಲಿಲ್ಲ."

ಡಬ್ಬಿಯನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಆಮೇಲೆ ನನ್ನ ಇನ್ನೊಂದು ಅನುಮಾನ ಮುಂದಿಟ್ಟೆ: ರೋಗ ಹಿಡಿದ ಡಿಸ್ಕಿನಲ್ಲೇ ಇರುವ ಆ ಮೂಲೆ ಶುದ್ಧವಾಗಿದೆ ಎನ್ನುವುದಕ್ಕೆ ಏನು ಗ್ಯಾರಂಟಿ?

ಅವನು ತಲೆ ಕೆರೆದುಕೊಂಡ. "ಗ್ಯಾರಂಟಿ ಇಲ್ಲ ಸಾರ್."

ಅವನ ಮಾತಿನಲ್ಲಿ ನಾನು ನಂಬಿದ್ದು ಇದನ್ನೇ ಮೊದಲು. ಕೊನೆಗೆ ಅವನೇ ದಾರಿ ಹೇಳಿದ. ಹಳೆಯ ಡಿಸ್ಕನ್ನು ಮುಟ್ಟುವುದು ಬೇಡ, ಹೊಸದೊಂದು ಹಾಕೋಣ. ವಿಂಡೋಸನ್ನು ಅದರ ಕಂಪನಿಯ ವೆಬ್‌ಸೈಟಿನಿಂದಲೇ ಖಾಲಿ ಪೆನ್‌ಡ್ರೈವಿಗೆ ಇಳಿಸಿ, ಅದರಿಂದ ಲ್ಯಾಪ್‌ಟಾಪಿಗೆ ಹಾಕೋಣ. ಅದರ ಪರವಾನಗಿ ಸಂಖ್ಯೆ ಲ್ಯಾಪ್‌ಟಾಪಿನ ಬೋರ್ಡಿನಲ್ಲೇ ಇರುತ್ತದೆ, ಸಿ.ಡಿ.ಯೂ ಬೇಡ, ಚೀಟಿಯೂ ಬೇಡ.

ಪೆನ್‌ಡ್ರೈವಿನ ಕವರನ್ನು ನಾನೇ ಹರಿದೆ. ಕೆಲಸ ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ. ಟೀ ತರಿಸಿದರೂ ಕಣ್ಣು ಪರದೆಯ ಮೇಲೇ ಇತ್ತು. ನಡುವೆ ಮನೆಗೆ ಫೋನು ಮಾಡಿದರೆ ಗಂಟೆಗಟ್ಟಲೆ ಎಂಗೇಜ್. ಆಮೇಲೆ ತಿಳಿಯಿತು, ಹೆಂಡತಿ ಹೊಳಲೂರಿಗೆ ಫೋನಿನಲ್ಲೇ ಒಂದು ಪಾಠ ಓದಿ ಹೇಳುತ್ತಿದ್ದಳು.

ಹೊಸ ಡಿಸ್ಕಿನಲ್ಲಿ ವಿಂಡೋಸ್ ಎದ್ದು ಕೂತ ಮೇಲೆ ಹಳೆಯ ಡಿಸ್ಕನ್ನು ಒಂದು ಕೇಬಲ್ಲಿನಿಂದ ಜೋಡಿಸಿದ. ಅವನು ಮೌಸ್ ಹಿಡಿದದ್ದೇ ನಾನು ಕೈ ಅಡ್ಡ ಹಿಡಿದೆ. "ಮೊದಲು ತಪಾಸಣೆ. ಬಾಣದ ಗುರುತು ಇರೋದನ್ನ ಒತ್ತಬೇಡ."

"ನೀವು ಪೊಲೀಸ್ ಇಲಾಖೇಲಿ ಇದ್ರಾ ಸಾರ್?"

"ಕಾರ್ಖಾನೆ."

ತಪಾಸಣೆ ಮುಗಿಸಿ, ಮರೆಯಾದ ಫೈಲುಗಳನ್ನು ತೋರಿಸುವ ಒಂದು ಆಯ್ಕೆ ಒತ್ತಿದ. ಬಾಣಗಳ ಪಕ್ಕದಲ್ಲಿ ಮಸುಕಾಗಿ ನಮ್ಮ ಫೋಲ್ಡರುಗಳೆಲ್ಲ ಕಾಣಿಸಿಕೊಂಡವು. "ತಿಂದಿಲ್ಲ ಸಾರ್, ಬಚ್ಚಿಟ್ಟಿದೆ ಅಷ್ಟೆ. ನಿಮ್ಮ ಪೆನ್‌ಡ್ರೈವ್ ಎಲ್ಲೆಲ್ಲಿ ಹೋಗಿ ಬರುತ್ತೆ? ಇದು ಹಾಗೇ ಹರಡೋದು."

ಹೊಳಲೂರಿನ ಜೆರಾಕ್ಸ್ ಅಂಗಡಿ ನೆನಪಾಯಿತು. ಊರಿನವರ ಪೆನ್‌ಡ್ರೈವುಗಳನ್ನೆಲ್ಲ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಅಲ್ಲಿನದು. ಹಾಗಂತ ಇವನ ಮೇಲಿನ ಅನುಮಾನವನ್ನು ನಾನು ಪೂರ್ತಿ ಕೈಬಿಡಲಿಲ್ಲ.

ಧ್ವನಿಯ ಫೈಲುಗಳನ್ನಷ್ಟೇ ಲ್ಯಾಪ್‌ಟಾಪಿಗೂ, ಆಕೆಯ ಫೋನಿಗಾಗಿ ದೊಡ್ಡದೊಂದು ಮೆಮೊರಿ ಕಾರ್ಡಿಗೂ ಹಾಕಿಸಿದೆ. ಮಾರನೆಯ ಬೆಳಿಗ್ಗೆ ಕಾರ್ಡು ತೆಗೆದುಕೊಂಡು ನಾನೇ ಹೊಳಲೂರಿಗೆ ಹೋದೆ. ಆಕೆ ಅದನ್ನು ಬೆರಳಿನಿಂದ ಸವರಿ, ಫೋನಿಗೆ ಹಾಕಿ, ಪಾಠವೊಂದನ್ನು ಜೋರಾಗಿ ಹಚ್ಚಿದಳು. ನನ್ನ ಹೆಂಡತಿಯ ದನಿ ಹೊರಟಿತು.

"ಇದೇ ಸಾರ್. ಈಗ ಮಿಸ್ ಮನೆ ಕುಕ್ಕರ್ ಕೂಗುತ್ತೆ, ಕೇಳಿ."

ಕೂಗಿತು. ಹಿಂದೆಯೇ, ಗ್ಯಾಸ್ ಸಣ್ಣ ಮಾಡಿ ಎಂದು ನನಗೆ ಹೇಳುವ ಮಾತೂ ಬಂತು. ಆಕೆ ನಕ್ಕು ನಿಲ್ಲಿಸಲು ಹೋದಳು.

"ಕೊನೆಯವರೆಗೂ ಹಾಕಮ್ಮ," ಎಂದು ಜಗುಲಿಯ ಮೇಲೆ ಕೂತೆ. "ಆಮೇಲೆ ಮುಂದಿನದು."