ಮೆಲ್ಕಿಯೋರನ ಲ್ಯೂಟ್ ಮಲಗಿದ ಹಾಸಿಗೆ

ವೆನಿಸ್ಸಿನ ಮದುವೆ ಮನೆಗಳಲ್ಲಿ ಕುಣಿತಕ್ಕೆ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಮೆಲ್ಕಿಯೋರನಿಗೆ ಓದು ಬರುತ್ತಿರಲಿಲ್ಲ. ಆಗಷ್ಟೇ ಅಚ್ಚಾಗಿ ಬರತೊಡಗಿದ್ದ ಹಾಡಿನ ಪುಸ್ತಕಗಳನ್ನು ಅವನು ಮುಟ್ಟಲಿಲ್ಲ. ಒಂದು ಸಲ ಕೇಳಿದ್ದು ಬೆರಳಿಗೆ ಬಂದುಬಿಡುತ್ತಿತ್ತು. ಪಾದ್ರಿಗೆ ಅವನ ಪ್ರೇಮದ ಹಾಡು ಕಂಡರಾಗದು. ಮದುವೆ ಊಟದಲ್ಲಿ ಅದೇ ಪಾದ್ರಿ ಮೇಜಿನ ಕೆಳಗೆ ಕಾಲಲ್ಲಿ ತಾಳ ಹಾಕುತ್ತಿದ್ದ.

ನೀರಿನ ಮೇಲಿನ ಊರು, ಗೋಡೆಯೂ ಬೆವರುತ್ತದೆ. ಲ್ಯೂಟಿನ ಉಬ್ಬಿದ ಬೆನ್ನು ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ತೇವ ತಾಗಿದರೆ ಅಂಟು ಬಿಡುತ್ತದೆ. ಅದಕ್ಕೇ ಮೆಲ್ಕಿಯೋರ್ ಬೆಳಗ್ಗೆ ಎದ್ದವನೇ ತಾನು ಮಲಗಿದ್ದ ಜಾಗದಲ್ಲಿ ಅದನ್ನಿಟ್ಟು ಕಂಬಳಿ ಹೊದಿಸುತ್ತಿದ್ದ.

"ಏನ್ರೀ, ನನಗೆ ಜ್ವರ ಬಂದ್ರೂ ಇಷ್ಟು ಹೊದಿಸಲ್ಲ ನೀವು," ಎಂದು ಹೆಂಡತಿ ಓರ್ಸೋಲ ರೇಗುತ್ತಿದ್ದಳು.

"ನೀನು ಗೊಣಗ್ತೀಯ ಕಣೇ, ಅದು ಹಾಡುತ್ತೆ."

ಚಳಿಗಾಲ ಶುರುವಾದಾಗ ಮೆಲ್ಕಿಯೋರನಿಗೆ ಕೆಮ್ಮು ಹಿಡಿಯಿತು. ಹೋದ. ಸಾಯುವ ಮುಂಚೆ ಕೇಳಿದ್ದು ಒಂದೇ. "ಮಗಳ ಮದುವೇಲಿ ನನ್ನ ಲ್ಯೂಟೇ ನುಡೀಬೇಕು. ಬೋರ್ತೊಲೊ ನುಡಿಸ್ತಾನೆ. ಹಾಸಿಗೇಲೇ ಇಟ್ಟಿರು." ಬೋರ್ತೊಲೊ ಅವನ ಜೊತೆಗೆ ನುಡಿಸುತ್ತಿದ್ದ ಗೆಳೆಯ.

ಓರ್ಸೋಲ ಮಾತು ಮೀರಲಿಲ್ಲ. ಅವನ ಜಾಗದಲ್ಲೇ ಅದನ್ನಿಟ್ಟಳು, ಕಂಬಳಿ ಹೊದಿಸಿದಳು. ಆದರೆ ಆ ಹಾಸಿಗೆಯಲ್ಲಿ ಅವಳಿಗೆ ಮಲಗಲಾಗಲಿಲ್ಲ. ಚಳಿಗಾಲವೆಲ್ಲ ಮಗಳು ಮರೀನಳ ಜೊತೆ ಒಲೆಯ ಪಕ್ಕ ನೆಲದಲ್ಲೇ ಮಲಗಿದಳು. ಕಂಬಳಿ ಎತ್ತಿ ನೋಡಲು ಧೈರ್ಯ ಬರಲಿಲ್ಲ.

ಮದುವೆಯ ಬೆಳಗ್ಗೆ ಬೋರ್ತೊಲೊ ಬಂದು ಕಂಬಳಿ ಸರಿಸಿದ. ಲ್ಯೂಟ್ ಎತ್ತಿದ. ಬೆನ್ನಿನ ಪಟ್ಟಿಗಳು ಬಾಯಿ ಬಿಟ್ಟಿದ್ದವು. ಎರಡು ಅವನ ಕೈಗೇ ಬಂದವು.

"ಅತ್ತಿಗೆ, ಇಲ್ಲಿ ಯಾರು ಮಲಗ್ತಿದ್ರು?"

"ಯಾರೂ ಇಲ್ಲ. ಅವರ ಜಾಗ ಅಲ್ವೇನೋ."

ಅವನು ಹಾಸಿಗೆ ಮುಟ್ಟಿ ನೋಡಿದ. ಒದ್ದೆ. "ಕಂಬಳಿ ಅಲ್ಲ ಅತ್ತಿಗೆ ಇದನ್ನ ಕಾಯೋದು. ದಿನಾ ಮಲಗೋರ ಮೈ ಬಿಸಿ."

"ಅವರು ಹೇಳಲೇ ಇಲ್ವಲ್ಲೋ!"

"ನೀವು ಮಲಗ್ತೀರ ಅಂದ್ಕೊಂಡಿದ್ದ."

ಓರ್ಸೋಲ ಅವನ ಕೈಯಿಂದ ಆ ಪಟ್ಟಿಗಳನ್ನು ತೆಗೆದುಕೊಂಡಳು. "ಅಂಟಿಸೋಕಾಗುತ್ತಾ?"

"ಅಂಟಿಸ್ಬಹುದು. ಇವತ್ತಿಗಾಗಲ್ಲ. ಮುಂದಿನ ಹಲಗೇನೂ ಸೀಳಿದೆ, ಅವನ ದನಿ ಬರಲ್ಲ."

ಬೋರ್ತೊಲೊ ತನ್ನ ಲ್ಯೂಟನ್ನೇ ನುಡಿಸಿದ. ಜನ ಮೀನು ತಿಂದರು, ವೈನ್ ಕುಡಿದರು, ಕುಣಿದರು. ಮರೀನಳೂ ಕುಣಿದಳು, ಲ್ಯೂಟ್ ಒಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪನ ಲ್ಯೂಟೇ ಎಂದುಕೊಂಡು ಅಮ್ಮನ ಕಡೆ ನೋಡಿ ನಕ್ಕಳು. ಓರ್ಸೋಲಳೂ ನಕ್ಕಳು.

ಕುಣಿತ ಮುಗಿಯುವ ಮೊದಲೇ ಅವಳು ಮನೆಗೆ ಬಂದಳು. ಹಗಲಿನ್ನೂ ಇತ್ತು. ಒಡೆದ ಲ್ಯೂಟನ್ನು ಅವನ ಜಾಗದಲ್ಲಿಟ್ಟು ಪಕ್ಕದಲ್ಲಿ ಮಲಗಿದಳು. ಹಾಸಿಗೆ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯಿತು.