ಬೆಂಕಿಕಡ್ಡಿ ವಾಸನೆಯ ಏಲ್

ಪಕ್ಕದ ಮನೆಯ ವಿನ್ನಿ ಓರ್ಗಿಲ್ ಮುಪ್ಪಿನಲ್ಲಿ ಬಿಯರು ಮಾಡಲು ಹೊರಟಾಗ ಬಿಯರಿಗೇ ಹೆಸರಾದ ಬರ್ಟನ್ ಊರಿನ ನಮ್ಮ ಬೀದಿಯೇ ನಕ್ಕಿತು. ಸುತ್ತಲೂ ಬಿಯರು ತಯಾರಿಸುವ ಬ್ರೂವರಿಗಳಿರುವಾಗ ಇವಳಿಗ್ಯಾಕೆ ಬೇಕಿತ್ತು ಈ ಉಸಾಬರಿ? ನಾನೂ ನಕ್ಕಿದ್ದೆ. ಕಾರಣ ಕೇಳಿದ ಮೇಲೆ ನಗು ಬರಲಿಲ್ಲ.

ಅವಳ ಗಂಡ ಕ್ಲೆಮ್ ಬ್ರೂವರಿಯ ಪೀಪಾಯಿಗಳ ನಡುವೆಯೇ ಆಯುಷ್ಯ ಕಳೆದವನು. ನಮ್ಮೂರ ಬಾವಿನೀರಿನಿಂದ ಮಾಡುವ ತಿಳಿಬಣ್ಣದ ಬಿಯರಾದ ಪೇಲ್ ಏಲ್‌ಗೆ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ. ಅದು ಅವನ ಕೋಟಿಗೆ ಅಂಟಿಕೊಂಡು ಮನೆಗೆ ಬರುತ್ತಿತ್ತು. ವಿನ್ನಿ ಹಿತ್ತಿಲ ಬಾಗಿಲಲ್ಲೇ ಅಡ್ಡ ನಿಂತು, ಮೊದಲು ತೊಳೆದುಕೊಂಡು ಬಾ ಎಂದು ಗದರುತ್ತಿದ್ದಳು. ಅವನು ಮರುಮಾತಿಲ್ಲದೆ ಅಂಗಳದ ನಲ್ಲಿಯ ಕಡೆ ಹೋಗುತ್ತಿದ್ದ. ಗೋಡೆಯಾಚೆ ಕೂತು ನಾನು ಇದನ್ನು ದಿನವೂ ಕೇಳಿದವಳು.

ಅವನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ವಿನ್ನಿ ಅಭ್ಯಾಸಬಲದಿಂದ ಆ ಕೋಟನ್ನೂ ಒಗೆದು ಒಣಹಾಕಿಬಿಟ್ಟಳು. ಅಂದಿನಿಂದ ಸಂಜೆ ಪಾಳಿ ಬಿಡುವ ಹೊತ್ತಿಗೆ ಹಿತ್ತಿಲಲ್ಲಿ ಬೂಟಿನ ಸದ್ದು. ಹೊಸ್ತಿಲವರೆಗೆ ಬರುತ್ತದೆ, ನಿಲ್ಲುತ್ತದೆ, ಅಷ್ಟೆ.

"ಸದ್ದು ಬರುತ್ತೆ, ವಾಸನೆ ಬರಲ್ಲ ಡಕ್," ಎಂದಳು. ನಮ್ಮಲ್ಲಿ ಅಕ್ಕರೆಗೆ ಎಲ್ಲರೂ ಎಲ್ಲರಿಗೂ ಡಕ್ಕೇ. "ವಾಸನೆ ಇಲ್ದೆ ಅದು ಕ್ಲೆಮ್ಮೇ ಅಂತ ಹೇಗೆ ನಂಬ್ಲಿ? ಆ ವಾಸನೆ ಮನೇಲಿದ್ರೆ, ಅವನಾದ್ರೆ ಒಳಗೆ ಬರ್ತಾನೆ. ಬೇರೆಯವನಾದ್ರೆ ಹೋಗ್ತಾನೆ."

ನಾನು ದೆವ್ವ ನಂಬುವವಳಲ್ಲ. ಆದರೂ ಅವಳ ಕಣ್ಣು ನೋಡಿ ಹೆದರಿದೆ.

ಪಾಕ ಅವಳೇ ಕಟ್ಟಿದಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ತಿಳಿಬಣ್ಣದ ಮಾಲ್ಟು, ಬಣ್ಣಕ್ಕೆಂದು ತುಸು ಹುರಿದದ್ದು, ಕೆಂಟ್ ಸೀಮೆಯ ಕಹಿ ಹಾಪ್ ಹೂವು. ಸಾಮಾನು ಮಾರುವ ಅಂಗಡಿಯವನು ಆ ವಾಸನೆ ಬರಲೆಂದು ನೀರಿಗೆ ಜಿಪ್ಸಂ ಪುಡಿ ಬೆರೆಸಲು ಹೇಳಿದನಂತೆ. ವಿನ್ನಿಗೆ ರೇಗಿಹೋಯಿತು. ಬರ್ಟನ್ ನೀರಿಗೆ ಜಿಪ್ಸಂ ಹಾಕುವುದೆಂದರೆ ಸಮುದ್ರಕ್ಕೆ ಉಪ್ಪು ಸುರಿದ ಹಾಗೆ ಎಂದು ಅವನಿಗೆ ಅಲ್ಲೇ ಮಂಗಳಾರತಿ ಎತ್ತಿ ಬಂದಳು.

ಏಲ್ ಹುದುಗು ಬಂದು, ಬಾಟಲಿಯಲ್ಲಿ ಕಳಿತು, ಚಿನ್ನದ ಬಣ್ಣಕ್ಕೆ ಬಂತು. ಒಂದು ಸಂಜೆ ಮುಚ್ಚಳ ತೆಗೆದಳು. ಹೂವಿನ ಪರಿಮಳವಿತ್ತು, ಕಹಿಯೂ ಹದವಾಗಿತ್ತು. ಬೆಂಕಿಕಡ್ಡಿ ಮಾತ್ರ ಇಲ್ಲ. ಅಂದೂ ಬೂಟಿನ ಸದ್ದು ಬಂದು ನಿಂತಿತಂತೆ. ವಿನ್ನಿ ಕಂಬಳಿ ಹೊದ್ದು ಬೆಳಗಿನವರೆಗೆ ಎದ್ದೇ ಕೂತಳು.

ನಲ್ಲಿಯ ನೀರು ಬರುವುದು ದೂರದ ಕೆರೆಯಿಂದ, ಜಿಪ್ಸಂ ಕರಗಿದ ಊರ ಕೆಳಗಿನ ಗಡಸು ನೀರು ಬ್ರೂವರಿಯ ಬಾವಿಗಳಲ್ಲಷ್ಟೇ ಇದೆ ಎಂದು ನಾನೇ ಹೇಳಬೇಕಾಯಿತು. ಊರಿನ ಹೆಸರು ನಂಬಿ ನಲ್ಲಿ ತಿರುಗಿಸುವ ಪೆದ್ದುತನ ನಮ್ಮೂರವರಿಗೇ ಸಾಧ್ಯ. ಅವಳು ಮುಖ ಗಂಟಿಕ್ಕಿಕೊಂಡೇ ಹೋಗಿ ಜಿಪ್ಸಂ ತಂದಳು. ಹೂವಿನ ಪರಿಮಳ ಬೆಂಕಿಕಡ್ಡಿಯ ವಾಸನೆಯನ್ನು ಮುಚ್ಚದಿರಲಿ ಎಂದು ಕೊನೆಗೆ ಹಾಕುವ ಹಾಪನ್ನೂ ಕಡಿಮೆ ಮಾಡಿದಳು.

ಎರಡನೆಯ ಸಲ ಬಾಟಲಿ ತೆಗೆಯುವಾಗ ಜೊತೆಗಿರು ಎಂದು ಕರೆದಳು, ಹೋದೆ. ಗ್ಲಾಸಿಗೆ ಸುರಿದದ್ದೇ ತಡ, ಅಡುಗೆಮನೆಯಲ್ಲಿ ಯಾರೋ ಕಡ್ಡಿ ಗೀರಿದಂತಾಯಿತು. ಕ್ಲೆಮ್ ಬದುಕಿದ್ದಾಗಿನ ಸಂಜೆಯೇ ಮರಳಿ ಬಂತು. ಆಮೇಲೆ ನಾನೂ ಕೇಳಿದೆ. ಕಲ್ಲುಹಾಸಿನ ಮೇಲೆ ಬೂಟು, ನಿಧಾನಕ್ಕೆ ಹೊಸ್ತಿಲವರೆಗೆ.

ವಿನ್ನಿ ಎದ್ದು ಬಾಗಿಲು ತೆರೆದಳು. ಹೊರಗೆ ಯಾರೂ ಕಾಣಲಿಲ್ಲ. ವಾಸನೆ ಮೂಗಿಗೆ ಬಡಿಯುತ್ತಿತ್ತು, ಅವಳ ನಾಲಗೆ ಕೇಳಬೇಕಲ್ಲ.

"ಒಳಗೆ ಬರ್ಬೇಡ. ಮೊದ್ಲು ತೊಳ್ಕೊಂಡು ಬಾ."

ಆಡಿದ್ದು ಏನೆಂದು ತಿಳಿಯುವಷ್ಟರಲ್ಲಿ ಬೂಟಿನ ಸದ್ದು ತಿರುಗಿತ್ತು. ವಿನ್ನಿ ಹಿಂದೆಯೇ ಓಡಿದಳು. "ಬೇಡ ಕಣೋ, ಹಾಗೇ ಬಾ," ಎಂದು ಬೇಡಿಕೊಂಡಳು. ಅಂಗಳದಲ್ಲಿ ಯಾರೂ ಇರಲಿಲ್ಲ. ನಲ್ಲಿ ತಾನಾಗಿ ಸುರಿಯುತ್ತಿತ್ತು.

ಆ ಸದ್ದು ಮತ್ತೆ ಬರಲೇ ಇಲ್ಲ. ವಿನ್ನಿ ಈಗಲೂ ಅದೇ ಪಾಕದ ಏಲ್ ಮಾಡುತ್ತಾಳೆ, ಸಂಜೆಗೆ ಹಿತ್ತಿಲ ಬಾಗಿಲು ತೆರೆದಿಟ್ಟು ಕೂರುತ್ತಾಳೆ. ಅದು ಬೇರೆ ಯಾರೋ ಇದ್ದಿರಬೇಕು, ಹೋಯಿತಲ್ಲ ಬಿಡು ಎಂದು ಒಮ್ಮೆ ಸಮಾಧಾನ ಹೇಳಲು ಹೋದೆ.

"ಅವನೇ ಕಣೇ," ಎಂದಳು. "ಬೇರೆಯವರಾಗಿದ್ರೆ ನನ್ನ ಮಾತು ಕೇಳ್ತಿದ್ರಾ?"