ಮಾಸ್ತರರ ಚಪ್ಪಟೆ ಹುಳು

ಮದುವೆಯಾಗಿ ಶಹಾಪುರದ ಕಡೆಯ ಈ ಹಳ್ಳಿಗೆ ಬಂದಾಗ ನನ್ನ ಗಂಡ ಮೊದಲು ತೋರಿಸಿದ್ದು ಶಿರವಾಳದ ಗುಡಿಗಳನ್ನಲ್ಲ, ವನದುರ್ಗದ ಕೋಟೆಯನ್ನೂ ಅಲ್ಲ, ಒಂದು ಹುಳುವನ್ನು. ಅವರು ಹೈಸ್ಕೂಲಿನ ವಿಜ್ಞಾನ ಮಾಸ್ತರರು. ನಾನು ಹತ್ತನೆಯ ತರಗತಿಗೇ ಓದು ನಿಲ್ಲಿಸಿದವಳು. ಹುಳುವೆಂದರೆ ಹಿಟ್ಟಿನಲ್ಲಿ ಬರುವುದು, ಜರಡಿ ಹಿಡಿದು ತೆಗೆಯುವುದು ಎಂದಷ್ಟೇ ನನಗೆ ಗೊತ್ತಿತ್ತು.

ನಮ್ಮೂರ ಹಳ್ಳ ಮೊದಲು ಬೇಸಿಗೆಯಲ್ಲಿ ಒಣಗುತ್ತಿತ್ತಂತೆ. ಕಾಲುವೆ ಬಂದ ಮೇಲೆ ಗದ್ದೆಗಳಿಂದ ಬಸಿದ ನೀರು ನಿಲ್ಲದೆ ಹರಿಯತೊಡಗಿ, ಕಲ್ಲುಗಳ ಕೆಳಗೆ ಈ ಚಪ್ಪಟೆ ಹುಳುಗಳು ಮನೆ ಮಾಡಿದವು. ಉಗುರಿನಷ್ಟುದ್ದ, ಕಂದು ಬಣ್ಣ, ಸದಾ ತನ್ನ ಮೂಗನ್ನೇ ನೋಡಿಕೊಳ್ಳುವಂಥ ಎರಡು ಕಣ್ಣು. ಗಾಜಿನ ಬಟ್ಟಲಲ್ಲಿ ಸಾಕಿದ ಈ ಅತಿಥಿಗೆ ಬೇಯಿಸಿದ ಮೊಟ್ಟೆಯ ಚೂರು ಬೇಕು. ಮೊಟ್ಟೆ ಬೇಯಿಸಲು ಅತ್ತೆ ಒಲೆ ಕೊಡಲಿಲ್ಲ. ಮಾಸ್ತರರು ಅಂಗಳದಲ್ಲಿ ಮೂರು ಕಲ್ಲು ಹೂಡಿದರು. ಹುಳುವನ್ನು ಬ್ಲೇಡಿನಿಂದ ಎರಡು ತುಂಡು ಮಾಡಿದರೆ ತಲೆಗೆ ಬಾಲ, ಬಾಲಕ್ಕೆ ತಲೆ ಬೆಳೆದು ಎರಡು ಹುಳುಗಳಾಗುತ್ತಿದ್ದವು.

"ಇದಕ್ಕ ತಲಿ ಹೋದ್ರ ಮತ್ತ ತಲಿ ಬರ್ತದ. ನಮ್ಮ ಹೆಡ್‌ಮಾಸ್ತರಗ ಈ ಅನುಕೂಲ ಇಲ್ಲ ನೋಡು," ಎನ್ನುತ್ತಿದ್ದರು.

ಒಮ್ಮೆ ಚಹಾ ಕಟ್ಟಿಸಿಕೊಂಡು ಬರುವ ಪ್ಲಾಸ್ಟಿಕ್ ಚೀಲಗಳನ್ನು ಹಳ್ಳದ ನೀರಿನಲ್ಲಿ ಬಿಸಿಲಿಗೆ ನೆನೆಯಿಟ್ಟು, ಕತ್ತರಿಸಿದ ಹುಳುಗಳನ್ನು ಆ ನೀರಿಗೆ ಬಿಟ್ಟರು. ತಲೆ ಬರುವುದು ತಡವಾಯಿತು. ಒಂದಕ್ಕೆ ಒಂದೇ ಕಣ್ಣು ಮೂಡಿತು. ನೀರಿನ ತಳದಲ್ಲಿ ಜಾರಿಕೊಂಡು ಹೋಗಬೇಕಾದದ್ದು ಸುರುಳಿಯಾಗಿ ಒದ್ದಾಡಿತು. ಪ್ಲಾಸ್ಟಿಕ್ ಮೆತ್ತಗಾಗಲೆಂದು ಬೆರೆಸುವ ರಾಸಾಯನಿಕ ನೀರಿಗಿಳಿಯುತ್ತದೆ, ಈ ಹುಳುವಿಗೆ ಮೈಯೆಲ್ಲ ಬರೀ ತೆಳು ಚರ್ಮ, ಬಚ್ಚಿಟ್ಟುಕೊಳ್ಳಲು ಎಡೆಯಿಲ್ಲ ಎಂದರು. ಒಂದು ಬಟ್ಟಲು ನೋಡಿ ಸಿದ್ಧಾಂತ ಹೇಳಬಾರದೆಂದೂ ಸೇರಿಸಿದರು. ಮನೆಯಲ್ಲಿ ಕೇಳುವವಳು ನಾನೊಬ್ಬಳೇ, ಆದರೂ ಎಚ್ಚರಿಕೆ.

ಹೋದ ವರ್ಷ ಎದೆನೋವೆಂದು ಕುಳಿತ ಮಾಸ್ತರರು ಏಳಲಿಲ್ಲ. ಮೂರನೆಯ ದಿನದ ಊಟಕ್ಕೆ ಊರೆಲ್ಲ ಬಂತು. ಉಂಡ ಪ್ಲಾಸ್ಟಿಕ್ ತಟ್ಟೆ, ಗ್ಲಾಸು, ನೀರಿನ ಪಾಕೀಟುಗಳನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿ ಹಳ್ಳಕ್ಕೆ ಸುರಿದರು. ಅವರ ಹಳ್ಳಕ್ಕೆ. ನಾನು ಗೋಡೆಗೊರಗಿ ಕುಳಿತಿದ್ದೆ. ಬಂದವರೆಲ್ಲ ಎಲ್ಲ ಮೊದಲಿನಂತಾಗುತ್ತದೆ ಎಂದು ಹೇಳಿಹೋದರು. ಮೊದಲಿನಂತಾಗಲೆಂದೇ ಹುಟ್ಟಿದ ಹುಳುವಿಗೂ ಹಾಗಾಗಲು ಒಳ್ಳೆಯ ನೀರು ಬೇಕು. ಅದನ್ನು ಯಾರಿಗೆ ಹೇಳಲಿ?

ತಿಂಗಳುಗಳು ಕಳೆದ ಮೇಲೆ ಹೋಗಿ ಕಲ್ಲು ಮಗುಚಿ ನೋಡಿದೆ. ಒಂದು ಹುಳುವೂ ಇರಲಿಲ್ಲ. ತಟ್ಟೆಗಳಿಂದಲೇ ಹೀಗಾಯಿತೆಂದು ಆಣೆ ಮಾಡಲಾರೆ. ಹತ್ತಿ ಹೊಲದ ಔಷಧವೂ ಅಲ್ಲಿಗೇ ಬರುತ್ತದೆ. ಆದರೆ ಗಂಡನ ಮೂರನೆಯ ದಿನದ ತಟ್ಟೆ ಅಲ್ಲಿ ಕೆಸರಿನಲ್ಲಿ ಹೊಳೆಯುತ್ತಿತ್ತು.

ವರ್ಷದ ಊಟ ಬಂದಾಗ ಮುತ್ತುಗದ ಎಲೆಯ ಪತ್ರಾವಳಿಯೇ ಬೇಕು, ಹಳ್ಳಕ್ಕೆ ಏನೂ ಹೋಗಕೂಡದು ಎಂದೆ. ಭಾವ, ಅಂದರೆ ಅವರ ಅಣ್ಣ, ನನ್ನನ್ನು ಕನಿಕರದಿಂದ ನೋಡಿದರು.

"ಎಲಿ ಹಾಕಿದ್ರ ಮಾಸ್ತರ ಮನಿಗಿ ಬಡತನ ಬಂದದ ಅಂತಾರ ಮಂದಿ. ನೀ ಊಟ ಹಾಕೂದು ಮಂದಿಗೋ, ಹುಳಕ್ಕೋ?"

"ಅವರ ಹೆಸರಿನ ಊಟ ಅಲ್ಲೇನ್ರಿ ಭಾವ? ಅವರು ಸಾಕಿದ್ದು ಹುಳಾನ ರೀ."

ಭಾವ ಒಪ್ಪಿದರು, ವಿಧವೆಯ ಹಟವನ್ನು ವರ್ಷಕ್ಕೊಮ್ಮೆ ನಡೆಸಿಕೊಡುವ ಔದಾರ್ಯ ನಮ್ಮವರಲ್ಲಿದೆ. ಕೆಂಭಾವಿ ಸಂತೆಯಿಂದ ಪತ್ರಾವಳಿ ಬಂತು. ಮಗುಚಿ ನೋಡಿದರೆ ಎಲೆಯ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು. ಸಾರು ಸೋರಬಾರದಲ್ಲ! ಹೊತ್ತು ಮೀರಿತ್ತು, ಅದರಲ್ಲೇ ಬಡಿಸಿದೆವು. ಹುಗ್ಗಿ ಚೆನ್ನಾಗಿತ್ತೆಂದರು.

ಟ್ರ್ಯಾಕ್ಟರು ಬಂದಾಗ ನಾನು ಎಂಜಲು ಎಲೆಗಳ ಮುಂದೆ ನಿಂತೆ. ಅವನ್ನೆಲ್ಲ ತೊಳೆದು, ಗೊಬ್ಬರದ ಚೀಲಗಳಲ್ಲಿ ತುಂಬಿ ಹಿತ್ತಲಿಗೆ ಒಯ್ದೆ. ಈಗಲೂ ಅಲ್ಲೇ ಇವೆ. ಕಸದ ಗಾಡಿ ನಮ್ಮೂರಿಗೆ ಬರುವುದಿಲ್ಲ. ಸುಟ್ಟರೆ ಹೊಗೆ, ಹೂತರೆ ನೆಲ ಕೆಡುತ್ತದೆ. ಎಲ್ಲಿ ಹಾಕಬೇಕೆಂದು ಮಾಸ್ತರರೂ ಹೇಳಿಕೊಟ್ಟು ಹೋಗಲಿಲ್ಲ. ಆ ಸಿಟ್ಟೂ ಇದೆ ನನಗೆ.

ಹೋದವರಿಗಾಗಿ ಇನ್ನು ಏನೂ ಮಾಡುವುದಕ್ಕಾಗುವುದಿಲ್ಲ ಎನ್ನುತ್ತಾರೆ. ನಿಜವಿರಬಹುದು. ಆದರೆ ಮಾಡದೆ ಇರಬೇಕಾದದ್ದು ಒಂದಿತ್ತು. ಈ ವರ್ಷ ಅದನ್ನು ಮಾಡಲಿಲ್ಲ.